ದುಡಿದವರ ಪಾಲು

2025ರ ಮಾರ್ಚ್ ತಿಂಗಳಲ್ಲಿ ನಾನು ಅಮೇರಿಕೆಯ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಯಲ್ಲಿದ್ದೆ. ನೆರೆಯಲ್ಲಿ ಧಾರವಾಡ ಕಡೆಯ ತಾಯಿಯೊಬ್ಬರಿದ್ದರು. ಪತಿಯನ್ನು ಕಳೆದುಕೊಂಡ ಅವರು ದಿನಸಿ ಅಂಗಡಿಯಲ್ಲಿ ದುಡಿದು ಇಬ್ಬರು ಮಕ್ಕಳನ್ನು ಸಲಹುತ್ತಿದ್ದರು. ಒಂದು ಸಂಜೆ ಮಗಳು ಅವರಿಗೆ, "ಅಕ್ಕಾ, ನಿಮಗೆ ಸರ್ಕಾರದಿಂದ ಬರಬೇಕಾದ ಹಣವಿದೆ, ಕೇಳಿ ಪಡೆಯಿರಿ" ಎಂದಳು. ಆಕೆ ತಲೆತಗ್ಗಿಸಿ, "ನನಗೆ ತೆರಿಗೆಯೇ ಬೀಳುವುದಿಲ್ಲ. ಮೇಲೆ ಕೈಯೊಡ್ಡುವುದು ಹೇಗೆ?" ಎಂದು ನನ್ನತ್ತ ನೋಡಿದರು. ದುಡಿಯದ ಹಣ ಮುಟ್ಟಬಾರದೆಂಬ ಸಂಸ್ಕಾರದಲ್ಲಿ ಬೆಳೆದ ನಾನು, "ನಿಮ್ಮ ಮಾತು ಸರಿ, ತಾಯಿ" ಎಂದುಬಿಟ್ಟೆ.

ರಾತ್ರಿ ಮಗಳು ವಿಷಯವನ್ನು ಬಿಡಿಸಿ ಹೇಳಿದಾಗ ನನ್ನ ದುಡುಕು ಅರಿವಾಯಿತು. 'ಅರ್ನ್ಡ್ ಇನ್‌ಕಮ್ ಟ್ಯಾಕ್ಸ್ ಕ್ರೆಡಿಟ್' ಎಂಬ ಈ ಏರ್ಪಾಡು 1975ರಿಂದ ಜಾರಿಯಲ್ಲಿದೆ. ದುಡಿಯದೆ ಇದ್ದವರಿಗೆ ಇದು ದೊರೆಯದು. ಗಳಿಕೆಯೊಡನೆ ಒಂದು ಮಿತಿಯವರೆಗೆ ಏರಿ, ಆದಾಯ ಹೆಚ್ಚಿದಂತೆ ಇಳಿಯುತ್ತ ನಿಂತುಹೋಗುತ್ತದೆ. ಅಲ್ಪ ವೇತನದವರಿಂದಲೂ ಸಾಮಾಜಿಕ ಭದ್ರತೆಯ ವಂತಿಗೆಯನ್ನು ಮೊದಲ ಡಾಲರಿನಿಂದಲೇ ಮುರಿದುಕೊಳ್ಳುವರಷ್ಟೆ. ಆ ಭಾರವನ್ನು ತಗ್ಗಿಸುವುದು ಇದರ ಉದ್ದೇಶಗಳಲ್ಲೊಂದು. ಕೊಡಬೇಕಾದ ತೆರಿಗೆಗಿಂತ ಈ ಮೊತ್ತ ಹೆಚ್ಚಾದರೆ ಉಳಿದುದು ನಗದಾಗಿಯೇ ಕೈಸೇರುತ್ತದೆ. 2024ರ ಗಳಿಕೆಗೆ, ಇಬ್ಬರು ಮಕ್ಕಳಿರುವವರಿಗೆ ಗರಿಷ್ಠ 6,960 ಡಾಲರ್. ಮಕ್ಕಳಿಲ್ಲದವರಿಗೆ 632 ಡಾಲರ್ ಮಾತ್ರ.

ಆದರೆ ಇದು ತಾನಾಗಿ ಬರುವುದಿಲ್ಲ. ತೆರಿಗೆ ಬೀಳದಿದ್ದರೂ ರಿಟರ್ನ್ ಸಲ್ಲಿಸಲೇಬೇಕು. ಅರ್ಹರಲ್ಲಿ ಸುಮಾರು ಐವರಲ್ಲೊಬ್ಬರು ಇದನ್ನು ಪಡೆಯದೆ ಉಳಿಯುತ್ತಾರೆಂದು ಅಲ್ಲಿಯ ತೆರಿಗೆ ಇಲಾಖೆಯೇ ಹೇಳುತ್ತದೆ. ಬಿಟ್ಟುಹೋದುದನ್ನು ಮೂರು ವರ್ಷಗಳೊಳಗೆ ಕೇಳಬಹುದು. ಆ ತಾಯಿ 2021ರಿಂದಲೂ ರಿಟರ್ನ್ ಸಲ್ಲಿಸಿರಲಿಲ್ಲ. ಆ ವರ್ಷದ ಗಡುವು 2025ರ ಏಪ್ರಿಲ್ 15ಕ್ಕೆ ಮುಗಿಯುವುದಿತ್ತು.

ಮರುದಿನ ಬೆಳಿಗ್ಗೆಯೇ ಅವರ ಬಾಗಿಲಿಗೆ ಹೋಗಿ, "ತಾಯಿ, ನಿನ್ನೆ ನಾನು ತಿಳಿಯದೆ ಆಡಿದೆ. ಇದು ಭಿಕ್ಷೆಯಲ್ಲ, ನಿಮ್ಮ ದುಡಿಮೆಗೆ ಸಂದ ಪಾಲು" ಎಂದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, ಬಳಿಕ ಟ್ರಂಕಿನಿಂದ ಆಯಾ ವರ್ಷಗಳ ವೇತನದ ಚೀಟಿಗಳನ್ನು ತೆಗೆದರು. ಒಂದನ್ನೂ ಕಳೆದಿರಲಿಲ್ಲ! ಊರಿನ ಗ್ರಂಥಾಲಯದಲ್ಲಿ ಸ್ವಯಂಸೇವಕರು ಶುಲ್ಕವಿಲ್ಲದೆ ರಿಟರ್ನ್ ತುಂಬಿಕೊಟ್ಟರು. ಗಡುವಿಗೆ ಆರು ದಿನ ಮೊದಲೇ ಎಲ್ಲವೂ ಸಲ್ಲಿಕೆಯಾಯಿತು.

ನಮ್ಮ ಬಂಧುಗಳು ಆ ದೇಶದಲ್ಲಿ ದೊಡ್ಡ ಹುದ್ದೆಗಳಲ್ಲಿ ಮಾತ್ರವಿಲ್ಲ. ಅಂಗಡಿಗಳಲ್ಲಿ, ಅಡುಗೆಮನೆಗಳಲ್ಲಿ ದುಡಿಯುವವರೂ ಇದ್ದಾರೆ. ಅಂಥವರು ನಿಮ್ಮ ಕುಟುಂಬದಲ್ಲಿದ್ದರೆ ಮುಂದಿನ ಪತ್ರದಲ್ಲಿ ಇದನ್ನು ಬರೆಯಿರಿ. ಸಂಕೋಚವೇ ಸದ್ಗುಣವೆಂದು ನಂಬಿ, ನನ್ನಂತೆ ಬೇರೊಬ್ಬರ ಮಕ್ಕಳ ಅನ್ನಕ್ಕೆ ಅಡ್ಡಿಯಾಗುವುದು ಬೇಡ.