ನವಲಿಯಿಂದ ಒಂದು ಅರ್ಜಿ

ಇವತ್ತಿನ ಮಟ್ಟಿಗೆ ನೀವೇ ಅಭ್ಯರ್ಥಿ ಅಂದುಕೊಳ್ಳಿ. ಬೆಳಗಿನ ಬಸ್ಸು ನವಲಿ ಬಿಟ್ಟಿದೆ. ಕಿಟಕಿ ಪಕ್ಕದ ಸೀಟು ಸಿಕ್ಕಿದೆ, ತೊಡೆಯ ಮೇಲೆ ಪ್ಲಾಸ್ಟಿಕ್ ಫೈಲು. ಅದರೊಳಗೆ ಬಯೋಡೇಟಾ, ನರ್ಸಿಂಗ್ ಕೌನ್ಸಿಲ್‌ನ ನೋಂದಣಿ, ಹೆರಿಗೆ ವಾರ್ಡಿನಲ್ಲಿ ದುಡಿದದ್ದಕ್ಕೆ ಅನುಭವ ಪತ್ರ. ರೂಢಿಯಂತೆ 371-ಜೆ ಪ್ರಮಾಣಪತ್ರವನ್ನೂ ಸೇರಿಸಿದ್ದೀರಿ. ಅದು ನಡೆಯುವುದು ಸರ್ಕಾರಿ ನೌಕರಿಗೆ, ಕಾಲೇಜು ಸೀಟಿಗೆ. ನೀವು ಹೊರಟಿರುವಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ತಾಯಿ–ಮಕ್ಕಳ ಆರೋಗ್ಯಕ್ಕೆ ದುಡಿಯುವ ಒಂದು ಲಾಭರಹಿತ ಸಂಸ್ಥೆಗೆ ಜಿಲ್ಲಾ ಮುಖ್ಯಸ್ಥರು ಬೇಕಾಗಿದ್ದಾರೆ. ಸಂದರ್ಶನ ಕೊಪ್ಪಳದಲ್ಲಿ.

ನಡುವೆ ಒಂದು ಕಡೆ ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆ ಹತ್ತಿ ಪಕ್ಕದಲ್ಲಿ ಕೂರುತ್ತಾಳೆ. ಗುರುತಿನ ಮುಖ.

"ಫೈಲ್ ಹಿಡ್ಕೊಂಡು ಎಲ್ಲಿಗ್ ಹೊಂಟೀರಿ ಸಿಸ್ಟರ್?"

"ಕೊಪ್ಪಳಕ್ಕವಾ. ಇಂಟರ್‌ವ್ಯೂ ಐತಿ. ಎನ್‌ಜಿಒದಾಗ ದೊಡ್ಡ ಹುದ್ದೆ."

"ದೊಡ್ಡ ಹುದ್ದೆ ಅಂದ್ರ ಜೀಪ್ ಕೊಡ್ತಾರೇನ್ರಿ?"

"ಕೊಡಬೌದು."

"ಜೀಪ್ ಇರ್ಲಿ ಬಿಡ್ರಿ. ರಾತ್ರಿ ಹೆರಿಗಿ ಕೇಸ್ ಹಿಡ್ಕೊಂಡು ನಿಂತಾಗ ನಾ ಫೋನ್ ಮಾಡಿದ್ರ ಎತ್ರಿ. ಅಷ್ಟು ಸಾಕು."

ಬಸ್ಸಿನವರು ನಗುತ್ತಾರೆ. ನೀವೂ ನಗುತ್ತೀರಿ, ಆದರೆ ಮಾತು ಮನಸ್ಸಿನಲ್ಲಿ ಕೂರುತ್ತದೆ.

ಕನಕಗಿರಿ ದಾಟಿ ಗಂಗಾವತಿಯತ್ತ ಸಾಗಿದಂತೆ ಮಳೆ ನಂಬಿದ ಹೊಲಗಳು ಹಿಂದೆ ಬಿದ್ದು, ತುಂಗಭದ್ರೆಯ ಎಡದಂಡೆ ಕಾಲುವೆ ನೀರಿನ ಭತ್ತದ ಗದ್ದೆಗಳು ಎದುರಾಗುತ್ತವೆ. ಹೊರಗಿನವರಿಗೆ ನವಲಿ ಅಂದರೆ ನೆನಪಾಗುವುದು ತುಂಗಭದ್ರಾ ಜಲಾಶಯದ ಹೂಳಿಗೆ ಪರಿಹಾರವಾಗಿ ಅಲ್ಲಿ ಕಟ್ಟಬೇಕೆಂದಿರುವ ಸಮಾನಾಂತರ ಜಲಾಶಯ. ನಿಮ್ಮ ಲೆಕ್ಕ ಬೇರೆ: ರಕ್ತಸ್ರಾವ ಶುರುವಾದ ಬಾಣಂತಿಯನ್ನು ನವಲಿಯಿಂದ ಗಂಗಾವತಿ ಆಸ್ಪತ್ರೆಗೆ ಮುಟ್ಟಿಸಲು ಎಷ್ಟು ಹೊತ್ತು ಬೇಕು, ಅಲ್ಲಿಂದಲೂ ಮುಂದೆ ಕಳಿಸಿದರೆ ಕೊಪ್ಪಳಕ್ಕೆ ಇನ್ನೆಷ್ಟು ಹೊತ್ತು.

ಗಿಣಿಗೇರಿ ಹತ್ತಿರ ಕಾರ್ಖಾನೆಗಳ ಚಿಮಣಿಗಳು ಕಾಣುತ್ತವೆ, ಆಮೇಲೆ ಕೊಪ್ಪಳದ ಬಂಡೆಗುಡ್ಡಗಳು. ಸಂಸ್ಥೆಯ ಕಚೇರಿ ಒಂದು ಬಾಡಿಗೆ ಮನೆ. ಜಗಲಿಯಲ್ಲಿ ಕಾಯುತ್ತಿರುವ ಉಳಿದ ಅಭ್ಯರ್ಥಿಗಳಲ್ಲಿ ಎಂಬಿಎ ಓದಿದವರಿದ್ದಾರೆ, ಲ್ಯಾಪ್‌ಟಾಪ್ ಚೀಲದವರಿದ್ದಾರೆ. ನಿಮ್ಮ ಹೆಸರು ಕರೆಯುತ್ತಾರೆ.

ಮೇಜಿನಾಚೆ ಮೂವರು: ಒಬ್ಬ ನಿವೃತ್ತ ಸರ್ಕಾರಿ ವೈದ್ಯರು, ಒಬ್ಬ ಲೆಕ್ಕಪರಿಶೋಧಕರು, ಸ್ತ್ರೀಶಕ್ತಿ ಸಂಘದಿಂದ ಬಂದ ಒಬ್ಬ ಟ್ರಸ್ಟಿ.

"ಬರ್ರಿ, ಕೂಡ್ರಿ," ಅನ್ನುತ್ತಾರೆ ವೈದ್ಯರು. ನೀರಿನ ಲೋಟ ಮುಂದೆ ಸರಿಸಿ ನೇರವಾಗಿ ಕೇಳುತ್ತಾರೆ: "ನಮ್ಮ ಜಿಲ್ಲಾದಾಗ ತಾಯಂದಿರು ಯಾಕ ಸಾಯ್ತಾರ? ಜನರ ಅಜ್ಞಾನ ಅಂತೀರೇನು?"

ಹೌದು ಅಂದುಬಿಡುವುದು ಸುಲಭ. ಆದರೆ ನೀವು ಓದಿಕೊಂಡು ಬಂದಿದ್ದೀರಿ. ಇದೇ ಕೊಪ್ಪಳ ಜಿಲ್ಲೆಯನ್ನು ಕುರಿತು ಸಂಶೋಧಕಿ ಆಶಾ ಜಾರ್ಜ್ 2007ರಲ್ಲಿ ಪ್ರಕಟಿಸಿದ ಲೇಖನ ಜನರತ್ತ ಬೆರಳು ಮಾಡದೆ ವ್ಯವಸ್ಥೆಯ ಐದು ಲೋಪಗಳನ್ನು ಎಣಿಸಿತ್ತು. ಅವನ್ನು ಒಂದೊಂದಾಗಿ ಹೇಳುತ್ತೀರಿ: ಮಾಹಿತಿ ಸರಿಯಾಗಿ ದಾಖಲಾಗುವುದಿಲ್ಲ, ಆರೈಕೆ ನಡುವೆಯೇ ಕಡಿದುಹೋಗುತ್ತದೆ, ಕಾರ್ಯಕರ್ತೆಯರ ಬೆನ್ನಿಗೆ ಯಾರೂ ಇರುವುದಿಲ್ಲ, ದೊಡ್ಡಾಸ್ಪತ್ರೆಗೆ ಕಳಿಸುವುದಕ್ಕೆ ಗೊತ್ತುಗುರಿಯಿಲ್ಲ, ಹೊಣೆ ಯಾರದೋ, ಬೈಸಿಕೊಳ್ಳುವವರು ಇನ್ಯಾರೋ.

"ಇದ್ರಾಗ ಮೊದಲು ಯಾವುದಕ್ಕ ಕೈ ಹಾಕ್ತೀರಿ?"

ಬಸ್ಸಿನಲ್ಲಿ ಕೇಳಿದ ಮಾತು ಈಗ ಕೈಹಿಡಿಯುತ್ತದೆ. "ಮೂರನೇದಕ್ಕ ಸರ್. ಆಶಾ, ನರ್ಸ್ ಫೋನ್ ಮಾಡಿದ್ರ ರಾತ್ರಿನೂ ಎತ್ತೋರು ಒಬ್ರು ಇರಬೇಕು. ಆ ಸರದಿ ಪಟ್ಟಿಯೊಳಗ ನನ್ನ ಹೆಸರೂ ಇರತೈತಿ."

"ನಿಮ್ಕಿಂತ ಮೊದಲು ಇಲ್ಲಿ ಯಾರೂ ಕೆಲಸ ಮಾಡಿಲ್ಲೇನು?"

ಮಾಡಿದ್ದಾರೆ. 2003ರಲ್ಲಿ ಹುಟ್ಟಿದ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ರಾಜ್ಯ ಸರ್ಕಾರದೊಂದಿಗೆ ಕೈಜೋಡಿಸಿ ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳಲ್ಲಿ ‘ಸುಕ್ಷೇಮ’ ಯೋಜನೆ ನಡೆಸಿತು, ಕೊಪ್ಪಳ ಅವುಗಳಲ್ಲೊಂದು. ಆ ಯೋಜನೆಯ ನರ್ಸ್ ಮೆಂಟರ್‌ಗಳು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೇ ಹೋಗಿ, ಅಲ್ಲಿನ ನರ್ಸ್‌ಗಳ ಪಕ್ಕದಲ್ಲಿ ನಿಂತು ಕಲಿಸಿದರು. ಎರಡು ಕಿಲೋಗಿಂತ ಕಡಿಮೆ ತೂಕದ ಕೂಸನ್ನು ತಾಯಿಯ ಎದೆಗೆ ಅಪ್ಪಿಸಿ ಬೆಚ್ಚಗಿಡುವ ಕಾಂಗರೂ ಆರೈಕೆಯನ್ನು ಇಡೀ ಜಿಲ್ಲೆಗೆ ಹರಡುವ ಪ್ರಯತ್ನವೂ ಕೊಪ್ಪಳದಲ್ಲಿ ನಡೆದಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆ ಅದರಲ್ಲಿ ಕೈಜೋಡಿಸಿತ್ತು. ಇದನ್ನೆಲ್ಲ ಹೇಳಿ, "ಹೊಸಾದು ಶುರು ಮಾಡೋಕಿಂತ, ಇದ್ರಾಗ ಯಾವುದು ಉಳದೈತಿ, ಯಾವುದು ನಿಂತೈತಿ ಅಂತ ಮೊದಲು ನೋಡ್ತೀನಿ ಸರ್," ಅನ್ನುತ್ತೀರಿ. ವೈದ್ಯರು ಏನೋ ಬರೆದುಕೊಳ್ಳುತ್ತಾರೆ.

ಲೆಕ್ಕಪರಿಶೋಧಕರ ಸರದಿ. "ವಿದೇಶಿ ದೇಣಿಗೆ ಕಾಯ್ದೆಗೆ 2020ರಾಗ ತಿದ್ದುಪಡಿ ಆತು. ಏನು ಬದಲಾತು?"

ಆಡಳಿತ ವೆಚ್ಚದ ಮಿತಿ ಶೇ. 50ರಿಂದ ಶೇ. 20ಕ್ಕೆ ಇಳಿಯಿತು, ಬಂದ ಹಣವನ್ನು ಮತ್ತೊಂದು ಸಂಸ್ಥೆಗೆ ದಾಟಿಸುವ ದಾರಿ ಮುಚ್ಚಿತು. ಉತ್ತರ ಸರಿಯಿದೆ. ಅವರು ಬಿಡುವುದಿಲ್ಲ: "ಹಂಗಾದ್ರ ನಿಮ್ಮ ಸಂಬಳ ಯಾವ ಲೆಕ್ಕಕ್ಕ ಬರತೈತಿ?" ಆಸ್ಪತ್ರೆಯ ವೈದ್ಯರ ಸಂಬಳ ಸೇವೆಯ ಖರ್ಚು, ಮುಖ್ಯಸ್ಥರ ಸಂಬಳ ಆಡಳಿತದ ಖರ್ಚು. ನೀವು ಎಷ್ಟು ಕೇಳಿದರೂ ಅದು ಆ ಇಪ್ಪತ್ತರೊಳಗೇ ಕೂರಬೇಕು. ವಾರ್ಡಿನಲ್ಲಿ ಇಷ್ಟು ದಿನ ಸೇವೆಯ ಕಡೆ ಇದ್ದವರು ಇನ್ನು ಲೆಕ್ಕದ ಇನ್ನೊಂದು ಕಲಮಿಗೆ ಹೋಗುತ್ತೀರಿ. ಇದನ್ನು ತಿಳಿದೇ ಸಂಬಳದ ಮೊತ್ತ ಹೇಳುತ್ತೀರಿ. ಬೋರ್‌ವೆಲ್ ಕೊರೆಯುವ ಸದ್ದು ಹೊರಗಿನಿಂದ ಬರುತ್ತಿರುವುದರಿಂದ ಎರಡನೇ ಸಲ ಜೋರಾಗಿ ಹೇಳಬೇಕಾಗುತ್ತದೆ.

ಅಷ್ಟೊತ್ತೂ ಸುಮ್ಮನಿದ್ದ ಟ್ರಸ್ಟಿ ಈಗ ಕೇಳುತ್ತಾರೆ: "ಕಾರ್ಖಾನಿಯವ್ರು ಸಿಎಸ್‌ಆರ್ ರೊಕ್ಕ ಕೊಡ್ತೀವಿ ಅಂತಾರ. ಅದ ಕಾರ್ಖಾನಿ ಬೂದಿ ನಮ್ಮ ಹೊಲದ ಮ್ಯಾಲೆ ಬೀಳತೈತಿ. ತಗೋತೀಯೇನವಾ?"

ಇದು ಪುಸ್ತಕದ ಪ್ರಶ್ನೆಯಲ್ಲ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಆರೋಗ್ಯವೂ ಆ ಪಟ್ಟಿಯಲ್ಲಿದೆ. 2025ರ ಫೆಬ್ರುವರಿಯಲ್ಲಿ ಉಕ್ಕಿನ ಕಾರ್ಖಾನೆಯ ವಿಸ್ತರಣೆ ಬೇಡವೆಂದು ಕೊಪ್ಪಳ ಬಂದ್ ಆದದ್ದು, ಗವಿಮಠದ ಸ್ವಾಮೀಜಿಯೇ ಬೀದಿಗೆ ಇಳಿದದ್ದು ಈ ಕೋಣೆಯಲ್ಲಿ ಎಲ್ಲರಿಗೂ ನೆನಪಿದೆ.

ಸ್ವಲ್ಪ ಹೊತ್ತು ತಡೆದು ಹೇಳುತ್ತೀರಿ: "ನಾ ಒಬ್ಬಾಕಿ ತೀರ್ಮಾನ ಮಾಡೂದಲ್ರಿ ಅಕ್ಕಾರ. ಊರ ಸಭಾದಾಗ ಇಟ್ಟು ಕೇಳ್ತೀನಿ. ತಗೊಂಡ್ರೂ, ಆ ಊರಾಗ ಕೆಮ್ಮು–ದಮ್ಮಿನ ಲೆಕ್ಕ ಬರಿಯೂದು ನಿಲ್ಲಸಂಗಿಲ್ಲ. ಬ್ಯಾಡ ಅಂತ ಷರತ್ತು ಹಾಕಿದ್ರ ರೊಕ್ಕ ಬ್ಯಾಡ."

ಟ್ರಸ್ಟಿ ಮುಖದಲ್ಲಿ ಒಪ್ಪಿಗೆಯೂ ಇಲ್ಲ, ಬೇಸರವೂ ಇಲ್ಲ. "ನಿಂದೇನರ ಪ್ರಶ್ನೆ ಐತೇನು?"

ಇದೆ. "ಹಿಂದಿನ ಮುಖ್ಯಸ್ಥರು ಯಾಕ ಬಿಟ್ಟು ಹೋದ್ರು?"

ಮೂವರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಆಮೇಲೆ ವೈದ್ಯರೇ ಬಾಯಿ ಬಿಡುತ್ತಾರೆ: ದಾನಿಗಳಿಗೆ ವರದಿ ಬರೆಯುವುದರಲ್ಲೇ ತಿಂಗಳು ಮುಗಿಯುತ್ತಿತ್ತು, ಹಳ್ಳಿಗೆ ಹೋಗಲು ಆಗಲಿಲ್ಲ. ಹುದ್ದೆಯ ಬಗ್ಗೆ ಇಡೀ ದಿನದಲ್ಲಿ ನಿಮಗೆ ಸಿಕ್ಕ ಅತಿ ಖರೆ ಮಾಹಿತಿ ಇದು. ವಾರಕ್ಕೆ ಎರಡು ದಿನ ಹಳ್ಳಿಯಲ್ಲೇ ಇರುತ್ತೇನೆ, ಅದನ್ನು ನೇಮಕಾತಿ ಪತ್ರದಲ್ಲೇ ಬರೆದುಕೊಡಿ ಎಂದು ಕೇಳುತ್ತೀರಿ. ಫೋನಿನಲ್ಲಿ ತಿಳಿಸುತ್ತೇವೆ ಅನ್ನುತ್ತಾರೆ.

ಆಯ್ಕೆ ಆಗಬಹುದು, ಆಗದಿರಬಹುದು. ಆದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಹೆರಿಗೆ ಕೋಣೆಯ ಒಳಹೊರಗು ಬಲ್ಲ ನರ್ಸ್‌ಗಳು, ಸಮಾಜಕಾರ್ಯ ಓದಿ ಹಳ್ಳಿ ತಿರುಗಿದವರು ಬೇಕಾದಷ್ಟಿದ್ದಾರೆ. ಇಂಥ ಜಾಹೀರಾತು ಕಂಡಾಗ ಹುದ್ದೆಯ ಹೆಸರು ದೊಡ್ಡದೆಂದು ಪುಟ ತಿರುವಬೇಡಿ. ಸಂಸ್ಥೆಯ ಲೆಕ್ಕಪರಿಶೋಧನಾ ವರದಿ ತರಿಸಿ ಓದಿ, ಟ್ರಸ್ಟಿಗಳು ಯಾರೆಂದು ನೋಡಿ, ಹಿಂದಿನವರು ಯಾಕೆ ಬಿಟ್ಟರೆಂದು ಕೇಳಿ. ತೃಪ್ತಿಯಾದರೆ ಅರ್ಜಿ ಹಾಕಿ.