ಯೋಬನ ಮನೆಗೆ ಬಂದವರು

ನಳಕ್ಕೆ ನೀರು ಬಿಡುವ ದಿನ ಉಮರ್ಗಾದಲ್ಲಿ ಯಾರೂ ದೇವರ ಧ್ಯಾನ ಮಾಡುವುದಿಲ್ಲ. ಕೊಡ, ಬಕೀಟು, ಡ್ರಮ್ಮು, ಪೈಪು, ಮೋಟಾರು: ಊರಿನ ಧ್ಯಾನವೆಲ್ಲ ಅತ್ತಲೇ. ಇವತ್ತು ಬೆಳಿಗ್ಗೆ ನಾನೂ ಪೈಪಿನ ತುದಿ ಹಿಡಿದುಕೊಂಡು ಅಂಗಳದಲ್ಲಿ ತುದಿಗಾಲಲ್ಲಿ ಕೂತಿದ್ದೆ. ನಳ ಗೊರಗೊರ ಎಂದಿತು, ಗಾಳಿ ಬಿಟ್ಟಿತು, ನೀರು ಮಾತ್ರ ಬಿಡಲಿಲ್ಲ. ಅಷ್ಟರಲ್ಲಿ ಜೇಬಿನೊಳಗೆ ಫೋನು ಟಿಣ್ ಎಂದಿತು. ತೆಗೆದು ನೋಡಿದರೆ ಸೂರ್ಯೋದಯ, ಒಂದು ಬಿಳಿ ಪಾರಿವಾಳ, ಎರಡು ಗುಲಾಬಿ. ಮಧ್ಯದಲ್ಲಿ ಮಿನುಗುವ ಅಕ್ಷರಗಳಲ್ಲಿ ‘ಆಗುವುದೆಲ್ಲ ಒಳ್ಳೆಯದಕ್ಕೇ’. ಕಳಿಸಿದವರು ಹಳೆಯ ಸಹೋದ್ಯೋಗಿ. ಅವರ ಮನೆಯಲ್ಲಿ ಬೋರ್‌ವೆಲ್ ಇದೆ.

ಸಿಟ್ಟು ಬಂತು. ನೀರಿನ ಮೇಲಲ್ಲ. 2016ರ ಬೇಸಿಗೆಯಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ತರಿಸಿಕೊಂಡ ಸೀಮೆಯವರು ನಾವು. ಖಾಲಿ ಕೊಡಕ್ಕೆ ಸಿಟ್ಟಾಗುತ್ತ ಕೂತರೆ ಬಾಳ್ವೆ ನಡೆಯುವುದಿಲ್ಲ. ಸಿಟ್ಟು ಬಂದದ್ದು ಆ ಪಾರಿವಾಳದ ಮೇಲೆ.

ಕಷ್ಟಕಾಲದಲ್ಲಿ ದೇವರ ಮೇಲಿನ ನಂಬಿಕೆ ಆಸರೆಯಾಗುತ್ತದೆ ಎಂಬುದರ ಬಗ್ಗೆ ನನ್ನ ತಕರಾರಿಲ್ಲ. ಅದು ಎಲ್ಲರಿಗೂ ಗೊತ್ತಿದ್ದದ್ದೇ, ಬಿಡಿ. ತಕರಾರಿರುವುದು ಆ ಆಸರೆಯನ್ನು ಪುಡಿಕೆ ಕಟ್ಟಿ ಮನೆಮನೆಗೆ ಹಂಚುವವರ ಬಗ್ಗೆ, ಅಂದರೆ ಸಂತೈಸುವವರ ಬಗ್ಗೆ.

ಇವರಲ್ಲಿ ಬಗೆಬಗೆಯವರಿದ್ದಾರೆ. ಮೊದಲನೆಯವರು ವಿಧಿವಾದಿಗಳು. “ಹಣೇಬರಹ ಯಾರಿಗಿ ತಪ್ಪ್ಯಾದ ಹೇಳ್ರಿ” ಎಂದು ಶುರು ಮಾಡಿ, ಚಹಾ ಬರುವ ತನಕ ಆ ಹಣೆಬರಹವನ್ನೇ ಎಳೆಯುತ್ತಾರೆ. ಎರಡನೆಯವರು ಪೈಪೋಟಿಯವರು. ನಿಮ್ಮ ತಂದೆ ತೀರಿಕೊಂಡದ್ದು ಎಪ್ಪತ್ತಕ್ಕೋ? ಅವರ ಸೋದರಮಾವ ನಲವತ್ತಕ್ಕೇ ಹೋದ, ಅದೂ ಮಗಳ ಮದುವೆ ಎಂಟು ದಿನ ಇದೆ ಎನ್ನುವಾಗ. ಅವರ ದುಃಖದ ಮುಂದೆ ನಿಮ್ಮದು ಚಿಲ್ಲರೆ ಎಂದು ಸಾಬೀತಾಗುವ ತನಕ ಅವರು ಏಳುವುದಿಲ್ಲ. ಮೂರನೆಯವರು ಮಣ್ಣು ಮುಗಿದ ಮರುದಿನ ಬಂದು, “ಸೋಲಾಪುರಕ್ಕ ಯಾಕ ಒಯ್ದ್ರಿ, ಹೈದರಾಬಾದಿಗಿ ಒಯ್ದಿದ್ರ ಉಳೀತಿದ್ರು” ಎನ್ನುವವರು. ನಾಲ್ಕನೆಯವರಿಗೆ ವಿಮೆಯ ದುಡ್ಡು ಎಷ್ಟು ಬಂತು ಎಂಬುದೊಂದೇ ಕುತೂಹಲ. ಪಾಪ, ಇದ್ದವರಲ್ಲಿ ಅವರೇ ಪ್ರಾಮಾಣಿಕರು. ಎಲ್ಲರಿಗಿಂತ ಅಪಾಯದವರು ಐದನೆಯವರು, ದೇವರ ಪರ ವಕಾಲತ್ತು ವಹಿಸಿಕೊಂಡವರು. ದೇವರು ಯಾಕೆ ಹೀಗೆ ಮಾಡಿದ ಎನ್ನುವುದಕ್ಕೆ ಅವರ ಹತ್ತಿರ ಕಾರಣ ಸದಾ ಸಿದ್ಧ. “ಒಳ್ಳೇರಿಗಿ ದೇವರು ಲಗೂನೆ ಕರಕೊಂತಾನ” ಎನ್ನುತ್ತಾರೆ. ಹಾಗಾದರೆ ತಾವೂ ನಾನೂ ಇನ್ನೂ ಇಲ್ಲಿ ಕೂತು ಚಹಾ ಕುಡಿಯುತ್ತಿರುವುದಕ್ಕೆ ಏನರ್ಥ ಎಂದು ಕೇಳಬೇಕೆನಿಸುತ್ತದೆ.

ಈ ಐದನೆಯ ಬಗೆಯವರ ಮೂಲಪುರುಷರು ಮೂವರು ಎಂದು ನನಗೆ ತಿಳಿಸಿದವರು ಬಾಜೂಮನೆಯ ಸಿಸ್ಟರ್‌ಬಾಯಿ. ಭಾಲ್ಕಿ ಕಡೆಯ ಮೆಥೊಡಿಸ್ಟ್ ಮನೆತನ. ನರ್ಸಾಗಿ ಊರೂರು ತಿರುಗಿ, ನಿವೃತ್ತರಾದ ಮೇಲೆ ಇಲ್ಲಿ ನೆಲೆ ನಿಂತವರು. ಪೇಟೆಯಲ್ಲಿ ಮರಾಠಿ, ಆಟೊದವನ ಜೊತೆ ದಖನಿ, ಸಿಟ್ಟು ಮತ್ತು ಪ್ರಾರ್ಥನೆ ಎರಡೂ ಕನ್ನಡದಲ್ಲಿ. ಇದರಲ್ಲಿ ವಿಶೇಷವೇನಿಲ್ಲ. ಈಗ ಮಹಾರಾಷ್ಟ್ರದಲ್ಲಿರುವ ಉದಗೀರ, ನಿಲಂಗಾ ಎರಡೂ 1956ರ ತನಕ ಬೀದರ ಜಿಲ್ಲೆಯಲ್ಲೇ ಇದ್ದವು. ಗಡಿ ಎಳೆದವರು ಭಾಷೆ ನೋಡಿದರು, ಬೀಗತನ ನೋಡಲಿಲ್ಲ.

ಆ ಮೂವರು ಬರುವುದು ಬೈಬಲಿನ ಯೋಬನ ಕಥೆಯಲ್ಲಿ. ಅದನ್ನು ಅವರು ಹೇಳಿದ ರೀತಿಯಲ್ಲೇ ಹೇಳುತ್ತೇನೆ. ದನಕರು ಹೋದವು, ಮಕ್ಕಳು ಹೋದರು, ಮೈತುಂಬ ಹುಣ್ಣಾದವು. ಸುದ್ದಿ ಕೇಳಿ ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು ಬಂದರು. ದೂರದಿಂದ ನೋಡಿದರೆ ಗುರುತೇ ಹತ್ತಲಿಲ್ಲ. ಗೋಳೋ ಎಂದು ಅತ್ತರು, ಮೈಮೇಲಿನ ಬಟ್ಟೆ ಹರಿದುಕೊಂಡರು, ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು. ಒಬ್ಬರೂ ಒಂದು ಮಾತಾಡಲಿಲ್ಲ. ಅಷ್ಟಕ್ಕೇ ಎದ್ದು ಊರಿಗೆ ಹೋಗಿದ್ದರೆ ಅವರಂಥ ಗೆಳೆಯರು ಲೋಕದ ಯಾವ ಪುಸ್ತಕದಲ್ಲೂ ಸಿಗುತ್ತಿರಲಿಲ್ಲ. ಆದರೆ ಯೋಬ ಬಾಯಿಬಿಟ್ಟು ತಾನು ಹುಟ್ಟಿದ ದಿನಕ್ಕೇ ಶಾಪ ಹಾಕಿದ. ಇವರಿಗೆ ತಡೆಯಲಾಗಲಿಲ್ಲ. ನೀನು ಏನೋ ಪಾಪ ಮಾಡಿರಲೇಬೇಕು, ದೇವರು ಸುಮ್ಮನೆ ಹೊಡೆಯುವವನಲ್ಲ ಎಂದು ಹಿಡಿದುಕೊಂಡರು. 42 ಅಧ್ಯಾಯದ ಪುಸ್ತಕದಲ್ಲಿ ಬಹುಪಾಲು ಈ ಜಗಳವೇ. ಸಾಲದ್ದಕ್ಕೆ, ಮೂವರೂ ಸುಸ್ತಾದ ಮೇಲೆ ಎಲೀಹು ಎಂಬ ಹುಡುಗನೊಬ್ಬ ಎದ್ದು ಹಿರಿಯರಿಗೆ ಸರಿಯಾಗಿ ವಾದಿಸಲು ಬರಲಿಲ್ಲವೆಂದು ತಾನೂ ಆರು ಅಧ್ಯಾಯ ತಿನ್ನುತ್ತಾನೆ.

ಕೊನೆಗೆ ದೇವರು ಮಾತಾಡಿದಾಗ ಸಿಟ್ಟಾದದ್ದು ಯಾರ ಮೇಲೆ? ತನ್ನ ಪರವಾಗಿ ವಾದಿಸಿದ ಆ ಮೂವರ ಮೇಲೆ. ನ್ಯಾಯ ಕೇಳಿ ಜಗಳ ತೆಗೆದ ಯೋಬನೇ ಸರಿಯಾಗಿ ಮಾತಾಡಿದ ಎಂದ. ಅವನು ನಿಮಗಾಗಿ ಪ್ರಾರ್ಥನೆ ಮಾಡಿದರೆ ನಿಮ್ಮನ್ನು ಬಿಡುತ್ತೇನೆ ಎಂದ. ಸಂತೈಸಲು ಹೊರಟವರೆಲ್ಲ ಮನೆ ಬಿಡುವ ಮುಂಚೆ ಈ ಕೊನೆಯ ಅಧ್ಯಾಯ ಓದಿಕೊಂಡು ಹೋಗಬೇಕೆಂದು ಕಾಯಿದೆ ಮಾಡಬೇಕು. ಮೊದಲ ಏಳು ದಿನದ ಭಾಗವನ್ನು ಕ್ವೇಕರ್ ಪಂಗಡದವರು ಸರಿಯಾಗಿ ಓದಿಕೊಂಡಿರಬೇಕು ಎಂದು ನನ್ನ ಗುಮಾನಿ. ಕೇರಳದಲ್ಲಿ ಕಡಿಮೆ ಖರ್ಚಿನ ಮನೆಗಳನ್ನು ಕಟ್ಟಿದ ಲಾರಿ ಬೇಕರ್ ಆ ಪಂಗಡದವರೇ. ಆ ಪಂಗಡದ ಹಳೆಯ ಪದ್ಧತಿಯ ಆರಾಧನೆಯಲ್ಲಿ ಪಾದ್ರಿಯಿಲ್ಲ, ಪ್ರವಚನವಿಲ್ಲ. ಎಲ್ಲರೂ ಸುಮ್ಮನೆ ಕೂತಿರುತ್ತಾರೆ, ಒಳಗಿನಿಂದ ಮಾತು ಬಂದವರು ಮಾತ್ರ ಆಡುತ್ತಾರೆ.

ಸಿಸ್ಟರ್‌ಬಾಯಿ ಮೌನದವರಲ್ಲ. ಅವರ ಬೆಳಗಿನ ಪ್ರಾರ್ಥನೆ ನಡುಗೋಡೆ ದಾಟಿ ನಮ್ಮ ಅಡುಗೆಮನೆಗೆ ಬರುತ್ತದೆ. “ಕರ್ತನೇ, ನೀನರ ಎಲ್ಲಿ ಕುಂತಿಯಪ್ಪ? ಮೊಣಕಾಲು ನೋವು ಹೇಳಿ ಹೇಳಿ ನನಗೇ ಬ್ಯಾಸರಾಗ್ಯಾದ, ಕೇಳಿ ಕೇಳಿ ನಿನಗ ಆಗಿಲ್ಲೇನು?” ದೇವರಿಗೆ ಹೀಗೆ ಬೈಯಬಹುದೇ ಎಂದು ಒಮ್ಮೆ ಕೇಳಿದೆ. ಅವರು ಕೆಂಪು ಅಂಚಿನ ಸತ್ಯವೇದ ತಂದು ಕೀರ್ತನೆಗಳ ಪುಸ್ತಕ ತೆರೆದು ಕೈಯಲ್ಲಿಟ್ಟರು. 150 ಕೀರ್ತನೆಗಳಲ್ಲಿ ಗೋಳು, ದೂರು, ತಕರಾರಿನವು ರಾಶಿ ಇವೆ. 88ನೆಯದಂತೂ ಕತ್ತಲೆಯಲ್ಲಿ ಶುರುವಾಗಿ ಕತ್ತಲೆಯಲ್ಲೇ ಮುಗಿಯುತ್ತದೆ. ಕೊನೆಗೊಂದು ಸೂರ್ಯೋದಯ ಅಂಟಿಸುವ ಗೊಡವೆಗೇ ಆ ಕವಿ ಹೋಗಿಲ್ಲ. ಶಿಲುಬೆಯ ಮೇಲೆ ಯೇಸು ಕೂಗಿ ಕೇಳಿದ್ದೂ 22ನೆಯ ಕೀರ್ತನೆಯ ಪ್ರಶ್ನೆಯನ್ನೇ: ನನ್ನನ್ನು ಯಾಕೆ ಕೈಬಿಟ್ಟೆ ಎಂದು. ನನಗೆ ಇದು ಹೊಸದೆನಿಸಲಿಲ್ಲ. ಪಂಢರಪುರದ ದಾರಿಯಲ್ಲಿ ಬೆಳೆದವರಿಗೆ ತುಕಾರಾಮ ವಿಠ್ಠಲನ ಜೊತೆ ಮಾಡಿದ ಜಗಳ ಗೊತ್ತು. ಕಲ್ಯಾಣದ ಶರಣರೂ ಕೂಡಲಸಂಗಮನನ್ನು ಕಟಕಟೆಗೆ ಹತ್ತಿಸಿದವರೇ. ಜಗಳವಾಡುವಷ್ಟು ಸಲಿಗೆ ಇದ್ದವರಿಗೇ ನೆಮ್ಮದಿ ಎಂದು ಕಾಣುತ್ತದೆ. ಉಳಿದವರಿಗೆ ಶಿಷ್ಟಾಚಾರ ಮಾತ್ರ.

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಗಣಪತಿ ಕಳಿಸಿ ದಣಿದು ಮಲಗಿದ ಜನ ನಾಲ್ಕು ಗಂಟೆಗೆ ಇನ್ನೂ ನಾಲ್ಕು ನಿಮಿಷ ಇದೆ ಎನ್ನುವಾಗ ಕಿಲ್ಲಾರಿ, ಸಾಸ್ತೂರ ಸುತ್ತಿನ ಭೂಮಿ ನಡುಗಿತು. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣು ಹೇರಿದ ಮಾಳಿಗೆ. ಬೇಸಿಗೆಯಲ್ಲಿ ತಂಪಾಗಿಟ್ಟ ಭಾರವೇ ಮೇಲೆ ಬಿತ್ತು. ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತರು. ಸತ್ತವರ ಎಣಿಕೆ ಮುಗಿಯುವ ಮುಂಚೆಯೇ ಐದನೆಯ ಬಗೆಯವರು ಯಾವ ಊರಿನ ಯಾವ ಪಾಪಕ್ಕೆ ಇದು ಎಂದು ಬಸ್‌ಸ್ಟ್ಯಾಂಡಿನಲ್ಲಿ ಕೂತು ಲೆಕ್ಕ ಹಾಕುತ್ತಿದ್ದುದನ್ನು ನಾನೇ ಕೇಳಿದ್ದೇನೆ.

ಸಿಸ್ಟರ್‌ಬಾಯಿ ಆಗ ಡೇರೆಯ ದವಾಖಾನೆಯಲ್ಲಿದ್ದರು. ಜನರಿಗೆ ಏನು ಹೇಳಿದಿರಿ ಎಂದು ಕೇಳಿದೆ. “ಏನ್ ಹೇಳಾದ್ರಿ ಸರ? ನೀರು ಕುಡಿಸಿದೆ” ಎಂದರು. ಆಮೇಲೆ ಒಬ್ಬ ಹೆಂಗಸಿನ ಸುದ್ದಿ ಹೇಳಿದರು. ಮುಂಗೈ ಜಜ್ಜಿ ಬಾತುಕೊಂಡು ಹಸಿರು ಬಳೆಗಳು ಚರ್ಮದಲ್ಲಿ ಹೂತಿದ್ದವು. ಒಡೆದು ತೆಗೆಯಬೇಕು. ಆಕೆ ಕೈ ಕೊಡಲೊಲ್ಲಳು. ಗಂಡ ಇದ್ದಾನಲ್ಲ, ಬಳೆ ಯಾಕೆ ಒಡೀತೀರಿ ಎಂದು ಹಟ. “ಆಂವ ಹೋಗಿದ್ದ. ನನಗ ಗೊತ್ತಿತ್ತು, ಅಕಿಗಿ ಗೊತ್ತಿದ್ದಿಲ್ಲ. ಸಾಬೂನು ನೊರಿ ಮಾಡಿ ಒಂದೊಂದೇ ಜಾರಿಸಿ ತಗದೆ. ಎಲ್ಲಾ ಸಾಬೂತ ಬಂದವು. ಸೆರಗಿಗಿ ಕಟ್ಟಿ ಕೊಟ್ಟೆ.” ಹೊರಗೆ ಸಾಲು ಹತ್ತಿ ನಿಂತಿತ್ತಂತೆ, ಡಾಕ್ಟರು ಕೂಗುತ್ತಿದ್ದರಂತೆ. “ಅಷ್ಟೊತ್ತು ಹೆಂಗ ಸಿಕ್ಕಿತ್ರಿ?” ಎಂದರೆ, “ಪ್ರಾರ್ಥನಾ ಮಾಡ್ಲಿಕ್ಕ ಬ್ಯಾರೆ ಹೊತ್ತು ಇದ್ದಿಲ್ಲಲ್ರೀ, ಅದರಾಗೇ ಮಾಡದೆ” ಎಂದರು.

ಅವರ ಮನೆಯ ಗೋಡೆಯ ಮೇಲೆ ಬಿಳಿ ಸೀರೆಯ ಹೆಂಗಸಿನ ಫೋಟೊ ಒಂದಿದೆ, ಪಂಡಿತಾ ರಮಾಬಾಯಿಯದು. ಮರಾಠಿಯವರು ನಮ್ಮವಳೆನ್ನುತ್ತಾರೆ, ಎನ್ನಲಿ. ಆಕೆಯ ತಂದೆ ಅನಂತಶಾಸ್ತ್ರಿ ಡೋಂಗರೆ ಕಾರ್ಕಳದ ಬಳಿಯ ಮಾಳದವರು. ಆಕೆ ಹುಟ್ಟಿದ್ದು 1858ರಲ್ಲಿ, ಗಂಗಾಮೂಲದ ಕಾಡಿನಲ್ಲಿ. ಪುರಾಣ ಓದುತ್ತ ತೀರ್ಥಯಾತ್ರೆ ಮಾಡುತ್ತಿದ್ದ ಸಂಸಾರ ಬರಗಾಲಕ್ಕೆ ಸಿಕ್ಕಿ, ತಂದೆ, ತಾಯಿ, ಅಕ್ಕ ಕೆಲವೇ ತಿಂಗಳಲ್ಲಿ ಒಬ್ಬರ ಹಿಂದೊಬ್ಬರು ಹೋದರು. ಉಳಿದ ಅಣ್ಣ 1880ರಲ್ಲಿ ಹೋದ. ಅದೇ ವರ್ಷ ಕೈಹಿಡಿದ ಗಂಡ 1882ರಲ್ಲಿ ಕಾಲರಾದಲ್ಲಿ ಹೋದ. ಕೈಯಲ್ಲಿ ಹಸುಗೂಸು ಮನೋರಮಾ. ಮರುವರ್ಷ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ.

ಪಾರಿವಾಳದವರು ಕಥೆಯನ್ನು ಇಲ್ಲಿಗೇ ಮುಗಿಸಿ ‘ಆಗ ಆಕೆಗೆ ಶಾಂತಿ ಸಿಕ್ಕಿತು’ ಎಂದು ಗುಲಾಬಿ ಅಂಟಿಸುತ್ತಾರೆ. ಆಕೆ ಹಾಗೆ ಹೇಳಿಲ್ಲ. 1907ರಲ್ಲಿ ಬರೆದ ಸಾಕ್ಷ್ಯದಲ್ಲಿ ತನಗೆ ಮೊದಲು ಸಿಕ್ಕಿದ್ದು ಕ್ರೈಸ್ತಧರ್ಮ, ಕ್ರಿಸ್ತ ಸಿಗಲು ಮತ್ತೆ ಎಂಟು ವರ್ಷ ಬೇಕಾಯಿತು ಎನ್ನುತ್ತಾಳೆ. ಆ ಎಂಟು ವರ್ಷ ಸುಮ್ಮನೆ ಕೂತಿರಲೂ ಇಲ್ಲ. ಇಂಗ್ಲೆಂಡಿನ ಪಾದ್ರಿಗಳ ಜೊತೆ ತತ್ವದ ಜಗಳ, ಅಮೆರಿಕಾ ಪ್ರವಾಸ, ಪುಸ್ತಕ, 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ಎಂಬ ವಿಧವೆಯರ ಶಾಲೆ. ಮುಂದೆ 1896-97ರ ಬರ ಬಂದಾಗ ಮಧ್ಯಪ್ರಾಂತಕ್ಕೆ ತಾನೇ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದಳು. ಕೇಡಗಾಂವದ ಆಕೆಯ ಮುಕ್ತಿ ಆಶ್ರಮ ಬೆಳೆದದ್ದು ಹಾಗೆ. ಹಸಿವಿನಲ್ಲಿ ತನ್ನವರನ್ನು ಕಳೆದುಕೊಂಡವಳಿಗೆ ಹಸಿದವರ ಮುಂದೆ ಏನು ಹೇಳಬೇಕು ಎಂಬ ಪ್ರಶ್ನೆಯೇ ಬರಲಿಲ್ಲ. ಒಲೆ ಹೊತ್ತಿಸಿದಳು.

ನಮ್ಮ ಸೀಮೆಗೂ ಆ ಒಲೆಯ ಕಾವು ತಾಗಿದೆ. 1912ರಲ್ಲಿ ಗುಲ್ಬರ್ಗಾದಲ್ಲಿ, ನಿಜಾಮರ ಕಾಲದಲ್ಲಿ, ತಾಯಿ ಮಗಳು ಸೇರಿ ಕ್ರಿಶ್ಚಿಯನ್ ಹೈಸ್ಕೂಲ್ ತೆರೆದರು. ಉಮರ್ಗಾದಿಂದ ಆಳಂದದ ಮೇಲೆ ಹಾದು ಹೋದರೆ ಅರ್ಧ ದಿನದೊಳಗೆ ಹೋಗಿ ಬರುವ ಊರು. ಆ ಮನೋರಮಾ ಕೂಡ 1921ರಲ್ಲಿ ತೀರಿಕೊಂಡಳು. ತಾಯಿಗೆ ಅರವತ್ತಮೂರು, ಕಿವಿ ಕೇಳುತ್ತಿರಲಿಲ್ಲ. ಆಗ ಆಕೆ ಮಾಡಿದ್ದೇನು? ಕರಡು ತಿದ್ದಿದಳು. ಹೀಬ್ರೂ, ಗ್ರೀಕ್ ಕಲಿತು, ಹಳ್ಳಿಯ ಹೆಂಗಸರಿಗೂ ತಿಳಿಯಲಿ ಎಂದು ಸತ್ಯವೇದವನ್ನು ಮರಾಠಿಗೆ ತರುವ ಕೆಲಸ ವರ್ಷಗಟ್ಟಲೆ ನಡೆದಿತ್ತು. ಮುಕ್ತಿಯ ಹೆಣ್ಣುಮಕ್ಕಳೇ ಅಚ್ಚುಮೊಳೆ ಜೋಡಿಸುತ್ತಿದ್ದರು. 1922ರ ಏಪ್ರಿಲ್ 5ರಂದು ಆಕೆ ಕಣ್ಣುಮುಚ್ಚಿದ್ದು ಆ ಕರಡು ಮುಗಿದ ಬೆನ್ನಿಗೇ ಎಂದು ಹೇಳುತ್ತಾರೆ. ಮಗಳು ಸತ್ತ ಮನೆಯಲ್ಲಿ ಅಲ್ಪಪ್ರಾಣ ಮಹಾಪ್ರಾಣ ನೋಡುತ್ತ ಕೂತ ಆ ಮುದುಕಿಯ ಮುಖದಲ್ಲಿ ಏನಿತ್ತೋ, ಅದನ್ನು ಶಾಂತಿ ಎನ್ನಲು ನನ್ನ ಅಡ್ಡಿಯಿಲ್ಲ. ಮಿನುಗುವ ಅಕ್ಷರ ಮಾತ್ರ ಬೇಡ.

ಹಾಗೆಂದು ಭಕ್ತರೆಲ್ಲ ಬಿಳಿ ಸೀರೆಯ ಗಂಭೀರರು ಎಂದುಕೊಳ್ಳಬೇಡಿ. ಮರಾಠಿ ಕವಿ ನಾರಾಯಣ ವಾಮನ ಟಿಳಕರ ಹೆಂಡತಿ ಲಕ್ಷ್ಮೀಬಾಯಿ ಇದ್ದಳಲ್ಲ. ಗಂಡ 1895ರಲ್ಲಿ ಕ್ರೈಸ್ತನಾದ. ತುಕಾರಾಮನ ಸೇತುವೆ ದಾಟಿಯೇ ಕ್ರಿಸ್ತನ ಹತ್ತಿರ ಬಂದೆ ಎನ್ನುತ್ತಿದ್ದ ಮನುಷ್ಯ. ಮಡಿಯ ಮನೆಯಲ್ಲಿ ಬೆಳೆದ ಆಕೆಗೆ ಸಿಡಿಲು ಹೊಡೆದಂತಾಯಿತು. ವರ್ಷಗಟ್ಟಲೆ ಅಗಲಿದ್ದು ಆಮೇಲೆ ತಾನೂ ಅದೇ ದಾರಿ ಹಿಡಿದಳು. ಇಷ್ಟು ಸಂಕಟದ ಕಥೆಯನ್ನು ‘ಸ್ಮೃತಿಚಿತ್ರೆ’ಯಲ್ಲಿ ಬರೆಯುವಾಗ ಆಕೆ ನಗಿಸಿದಷ್ಟು ಯಾರೂ ನಗಿಸಿಲ್ಲ. ಗಂಡನ ಮರೆಗುಳಿತನ, ಕೈಗೆ ಬಂದ ದುಡ್ಡನ್ನೆಲ್ಲ ದಾನ ಮಾಡಿ ಬರುವ ಹುಚ್ಚು, ತನ್ನ ಪೆದ್ದುತನ, ಯಾವುದನ್ನೂ ಬಿಟ್ಟಿಲ್ಲ. ಹೆಚ್ಚು ಶಾಲೆ ಕಾಣದ ಈಕೆಯೇ ಗಂಡ ಅರ್ಧಕ್ಕೆ ಬಿಟ್ಟುಹೋದ ‘ಕ್ರಿಸ್ತಾಯನ’ ಕಾವ್ಯದ ದೊಡ್ಡ ಪಾಲನ್ನು ಬರೆದಳು. ಟಿಳಕರ ಕೈಗೆ ಹೊಸ ಒಡಂಬಡಿಕೆ ಬಂದದ್ದು ರೈಲಿನಲ್ಲಿ, ಗುರುತು ಪರಿಚಯವಿಲ್ಲದ ಒಬ್ಬ ಸಹಪ್ರಯಾಣಿಕನಿಂದ. ರೈಲಿನಲ್ಲಿ ಎಷ್ಟೊಂದು ಕೆಲಸ ಆಗುತ್ತದೆ!

ನಮ್ಮ ಉದಗೀರದ ರೈಲೇ ನೋಡಿ. ಭಾಲ್ಕಿ, ಬೀದರ, ಜಹೀರಾಬಾದ ದಾಟಿ ವಿಕಾರಾಬಾದಿಗೆ ಹೋಗುತ್ತದೆ. ಅಲ್ಲಿಂದ ಮುಂದೆ ಧಾರೂರು. ನವೆಂಬರ್ ಬಂದರೆ ಅಲ್ಲಿ ಮೆಥೊಡಿಸ್ಟರ ಜಾತ್ರೆ. ಹೌದು, ಜಾತ್ರೆಯೇ. ಅಮೆರಿಕಾದಿಂದ ಬಂದ ಪಂಥ ಈ ಮಣ್ಣಿಗೆ ಇಳಿದು ನೂರು ವರ್ಷದ ಹಿಂದೆಯೇ ಜಾತ್ರೆಯಾಯಿತು. ತುಳಜಾಪುರಕ್ಕೆ ನಡೆಯುವವರು, ಪಂಢರಪುರಕ್ಕೆ ನಡೆಯುವವರು, ಗುಲ್ಬರ್ಗಾದ ಬಂದೇನವಾಜರ ಉರುಸಿಗೆ ಹೋಗುವವರು ಅಕ್ಕಪಕ್ಕ ಇರುವ ಸೀಮೆಯಲ್ಲಿ ಮೆಥೊಡಿಸ್ಟರು ಮಾತ್ರ ಬೆಂಚಿನ ಮೇಲೆ ಕೂತಿರಲು ಹೇಗೆ ಸಾಧ್ಯ? ಅಲ್ಲಿಯೂ ಗಿಡದ ಬುಡದಲ್ಲಿ ಡೇರೆ, ಮೂರು ಕಲ್ಲಿನ ಒಲೆ, ಚಳಿ, ಕೂಸುಗಳ ಅಳು, ತೆಲುಗು ಕನ್ನಡ ಕೂಡಿದ ಹಾಡು.

ಸಿಸ್ಟರ್‌ಬಾಯಿ ಈ ಸಲವೂ ಹೊರಡುವವರೇ. ಮೊಣಕಾಲಿನ ವಿಷಯ ದೇವರ ಜೊತೆ ಇನ್ನೂ ಇತ್ಯರ್ಥವಾಗಿಲ್ಲ, ಆದರೂ. ಬುತ್ತಿಯ ಯಾದಿ ಈಗಲೇ ತಯಾರು: ಕಟಕ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ, ಒಂದು ಸೀಸೆ ಉಪ್ಪಿನಕಾಯಿ. ನಮ್ಮವ್ವ ಪಂಢರಪುರಕ್ಕೆ ಒಯ್ಯುತ್ತಿದ್ದ ಯಾದಿಯೂ ಹೆಚ್ಚುಕಡಿಮೆ ಇದೇ. ಈ ಕಟಕ ರೊಟ್ಟಿಯ ಮಹಿಮೆಯನ್ನು ಯಾರೂ ಸರಿಯಾಗಿ ಬರೆದಂತಿಲ್ಲ. ತಿಂಗಳಾದರೂ ಕೆಡುವುದಿಲ್ಲ, ಮುರಿದರೆ ಸದ್ದಾಗುತ್ತದೆ, ಹಲ್ಲಿಲ್ಲದವರು ಸಾರಿನಲ್ಲಿ ಅದ್ದಿಕೊಳ್ಳಬಹುದು, ಯಾವ ದೇವರ ಜಾತ್ರೆಗಾದರೂ ನಡೆಯುತ್ತದೆ. ಬಿಳಿಜೋಳದ್ದು ಒಳ್ಳೆಯದೋ ಸಜ್ಜೆಯದೋ ಎಂಬುದರ ಬಗ್ಗೆ ಮಾತ್ರ ಮತಭೇದವಿದೆ. ಸಿಸ್ಟರ್‌ಬಾಯಿ ಸಜ್ಜೆಯ ಪಕ್ಷ, ಮೇಲೆ ಎಳ್ಳು ಹಚ್ಚಿರಬೇಕು ಎನ್ನುತ್ತಾರೆ. ಈ ಒಂದು ವಿಷಯದಲ್ಲಿ ನಾನು ಅವರ ಮತಕ್ಕೆ ಸೇರಲಾರೆ.