ನಾವು ಕೊಂಡ ಆಟಗಾರರು

ಹರಾಜು ಎಂಬ ಮಾತಿಗೆ ನಮ್ಮ ಭಾಷೆಯಲ್ಲಿ ಒಳ್ಳೆಯ ಹೆಸರಿಲ್ಲ. ಸಾಲ ತೀರಿಸಲಾರದವನ ಮನೆ ಹರಾಜಾಗುತ್ತದೆ; ಮನೆಯ ಜಗಳ ಬೀದಿಗೆ ಬಂದರೆ ಮಾನ ಹರಾಜಾಗುತ್ತದೆ. ಊರ ಹುಣಿಸೆಮರದ ಫಸಲು, ಕೆರೆಯ ಮೀನು, ಇವುಗಳ ಹರಾಜಿನಲ್ಲಿ ಮಾನದ ಪ್ರಶ್ನೆ ಏಳುವುದಿಲ್ಲವೆನ್ನಿ. ಆದರೂ ಅದನ್ನು ಯಾರೂ ಶುಭಕಾರ್ಯವೆಂದು ಎಣಿಸಿದ್ದಿಲ್ಲ. ಈ ಮಾತಿಗೆ ಸ್ವಲ್ಪ ಮಂಗಳಕರವಾದ ಅರ್ಥ ಬಂದದ್ದು ೨೦೦೮ರಲ್ಲಿ. ಆ ವರ್ಷದ ಫೆಬ್ರವರಿಯಲ್ಲಿ ಐ.ಪಿ.ಎಲ್. ಕ್ರಿಕೆಟ್ಟಿನ ಮೊದಲ ಹರಾಜು ಮುಂಬಯಿಯಲ್ಲಿ ನಡೆಯಿತು. ಅಂದಿನಿಂದ ಬೆಂಗಳೂರಿನಲ್ಲಿ ಹರಾಜಿನ ಮರುದಿನವೆಂದರೆ ಪಂಚಾಂಗದಲ್ಲಿ ಕಾಣದ ಒಂದು ಹಬ್ಬ. ಪಂದ್ಯದ ದಿನ ಜನ ಕೂಗುತ್ತಾರೆ, ಕುಣಿಯುತ್ತಾರೆ. ಹರಾಜಿನ ಮರುದಿನವಾದರೋ ವಿಚಾರ ಮಾಡುತ್ತಾರೆ. ಕ್ಷೌರದಂಗಡಿಯಲ್ಲಿ, ದರ್ಶಿನಿಯ ಎತ್ತರದ ಮೇಜಿನ ಸುತ್ತ, ಮೆಟ್ರೋ ರೈಲಿನಲ್ಲಿ ಕಂಬ ಹಿಡಿದು ತೂಗಾಡುತ್ತ, ಒಂದೇ ಚರ್ಚೆ: ಯಾರನ್ನು ಕೊಂಡರು, ಯಾರನ್ನು ಬಿಟ್ಟರು?

‘ಕೊಂಡರು, ಬಿಟ್ಟರು’ ಎಂದು ನಾನು ಬರೆದದ್ದು ವ್ಯಾಕರಣದ ಮೇಲಿನ ಗೌರವದಿಂದ. ಆಡುವವರು ಹಾಗೆ ಆಡುವುದಿಲ್ಲ. “ಹೇಜಲ್‌ವುಡ್‌ನ ಹನ್ನೆರಡೂವರೆ ಕೋಟಿಗೆ ತಗೊಂಡ್ವಿ ಸಾರ್,” “ಸಿರಾಜ್‌ನ ಬಿಟ್ಟುಬಿಟ್ವಿ, ತಪ್ಪು ಮಾಡಿದ್ವಿ” ಎನ್ನುತ್ತಾರೆ. ಹೀಗೆ ಕೋಟಿಗಳ ಲೆಕ್ಕದಲ್ಲಿ ಮಾತನಾಡುವವರು ತಿಂಗಳ ಕೊನೆಯಲ್ಲಿ ಕ್ಯಾಂಟೀನಿನ ಕಾಫಿಯನ್ನು ಮುಂದಿನ ತಿಂಗಳ ಲೆಕ್ಕಕ್ಕೆ ಬರೆಸುವ ನನ್ನ ಸಹೋದ್ಯೋಗಿಗಳು. ಕನ್ನಡ ಪಾಠ ಹೇಳುವವನಿಗೆ ಇಲ್ಲಿ ಕುತೂಹಲ ಹುಟ್ಟುವುದು ಆಟಗಾರರ ಬಗ್ಗೆ ಅಷ್ಟಲ್ಲ, ಆ ಕ್ರಿಯಾಪದದ ಬಾಲದ ಬಗ್ಗೆ. ತೆಲುಗಿನವರಿಗೆ ಮನಮು, ಮೇಮು ಎಂದು ಎರಡುಂಟು. ತಮಿಳರಿಗೆ ನಾಮ್, ನಾಂಗಳ್. ಕೇಳುವವನನ್ನು ಸೇರಿಸಿಕೊಂಡ ‘ನಾವು’ ಒಂದು, ಅವನನ್ನು ಹೊರಗಿಟ್ಟ ‘ನಾವು’ ಇನ್ನೊಂದು. ಇಂದಿನ ಕನ್ನಡಕ್ಕೆ ಇರುವುದು ಒಂದೇ. ಕದವಿಲ್ಲದ ಛತ್ರದಂತೆ ಅದು. ಹಣ ಕೊಟ್ಟ ಮಾಲೀಕನೂ ಕಾಫಿ ಸಾಲ ಮಾಡಿದ ಮೇಷ್ಟರೂ ಅಲ್ಲಿ ಒಂದೇ ಚಾಪೆಯ ಮೇಲೆ ಮಲಗಬಹುದು.

ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಈ ‘ನಾವು’ವಿನ ಮೂರು ಶಾಖೆಗಳಿವೆ.

ಮೊದಲನೆಯದು ಗ್ರಂಥಪಾಲಕರದು. ಅವರಿಗೆ ತಂಡವೆಂದರೆ ೨೦೦೮ರ ತಂಡ. ದ್ರಾವಿಡ್, ಕುಂಬ್ಳೆ, ಸುನಿಲ್ ಜೋಶಿ, ವಿನಯ್ ಕುಮಾರ್ ಇದ್ದರು; ಹೊರಗಿನಿಂದ ಕಾಲಿಸ್, ಚಂದ್ರಪಾಲ್ ಬಂದಿದ್ದರು. ಐದು ದಿನದ ಆಟಕ್ಕೆ ಹೇಳಿ ಮಾಡಿಸಿದ ತಂಡವೆಂದು ಲೋಕವೆಲ್ಲ ನಕ್ಕಿತು. ಏಪ್ರಿಲ್ ೧೮ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಮೊಟ್ಟಮೊದಲ ಪಂದ್ಯದಲ್ಲಿ ಕೋಲ್ಕತ್ತದ ಪರ ಮೆಕಲಮ್ ಒಬ್ಬನೇ ೧೫೮ ಹೊಡೆದ. ನಮ್ಮ ಇಡೀ ತಂಡ ಸೇರಿ ೮೨. ಗ್ರಂಥಪಾಲಕರು ಇದನ್ನು ಹೇಳುವಾಗ ಅವರ ಮುಖದಲ್ಲಿ ದುಃಖವಿರುವುದಿಲ್ಲ. “ಸೋತರೂ ನಮ್ಮ ಹುಡುಗರು ಸೋತರು” ಎನ್ನುತ್ತಾರೆ. ಉತ್ತಪ್ಪ, ಮನೀಶ್ ಪಾಂಡೆ, ಮಯಂಕ್, ಕರುಣ್ ನಾಯರ್, ರಾಹುಲ್, ಬಂದು ಹೋದ ಕನ್ನಡನಾಡಿನ ಹುಡುಗರ ಪಟ್ಟಿಯನ್ನು ಅವರು ಕಳೆದುಹೋದ ಪುಸ್ತಕಗಳ ಪಟ್ಟಿಯಂತೆ ಇಟ್ಟುಕೊಂಡಿದ್ದಾರೆ. ಕೊಟ್ಟ ದಿನಾಂಕವುಂಟು, ಹಿಂದಿರುಗಿದ ದಿನಾಂಕವಿಲ್ಲ.

ಎರಡನೆಯ ಶಾಖೆ ಅರ್ಥಶಾಸ್ತ್ರದ ಮೇಡಂ ಅವರದು. ಊರು, ನುಡಿ, ಅಭಿಮಾನ ಯಾವುದೂ ಅವರ ಲೆಕ್ಕದಲ್ಲಿ ಬರುವುದಿಲ್ಲ. “ಸಾರ್, ನೂರಿಪ್ಪತ್ತು ಚೆಂಡಿನ ಆಟ. ಬರೀ ಬ್ಯಾಟು ಬೀಸೋವರನ್ನೇ ಕೊಂಡರೆ ಚೆಂಡು ಹಾಕೋವರು ಯಾರು? ಮದುವೆಮನೆಗೆ ಹತ್ತು ಜನ ಪುರೋಹಿತರನ್ನ ಕರೆದು ಅಡಿಗೆಯವರನ್ನ ಮರೆತ ಹಾಗಾಯ್ತು” ಎನ್ನುತ್ತಾರೆ. ೨೦೧೪ರಲ್ಲಿ ಯುವರಾಜನಿಗೆ ೧೪ ಕೋಟಿ ಸುರಿದದ್ದನ್ನು ಅವರು ಇನ್ನೂ ಕ್ಷಮಿಸಿಲ್ಲ. ೨೦೧೬ರಲ್ಲಿ ಕೊಹ್ಲಿ ಒಬ್ಬನೇ ೯೭೩ ಓಟ ಗಳಿಸಿದ; ಆದರೂ ತನ್ನದೇ ಅಂಗಳದಲ್ಲಿ ನಡೆದ ಅಂತಿಮ ಪಂದ್ಯವನ್ನು ತಂಡ ೮ ಓಟಗಳಿಂದ ಕಳೆದುಕೊಂಡಿತು. ಆ ರಾತ್ರಿ ಒಂಬತ್ತೂವರೆ ಕೋಟಿಯ ವಾಟ್ಸನ್ ನಾಲ್ಕು ಓವರುಗಳಲ್ಲಿ ೬೧ ಓಟ ಕೊಟ್ಟಿದ್ದ. ಮರುವರ್ಷ ಚೆಂಡೆಸೆಯುವವನೇ ಬೇಕೆಂದು ಟೈಮಲ್ ಮಿಲ್ಸ್‌ಗೆ ೧೨ ಕೋಟಿ ಕೊಟ್ಟರು. ಅವನು ಆಡಿದ್ದು ಐದು ಪಂದ್ಯ, ತಂಡ ಕೋಲ್ಕತ್ತದಲ್ಲಿ ೪೯ಕ್ಕೆ ಕುಸಿದು ಕೊನೆಯ ಸ್ಥಾನಕ್ಕೆ ಇಳಿಯಿತು. ಬರಗಾಲ ಬಂದ ಮೇಲೆ ಬಾವಿ ತೋಡಿದರೆ ಹೀಗೆಯೇ ಎಂದು ಮೇಡಂ ಟಿಪ್ಪಣಿ.

ಮೂರನೆಯವರು ಇತಿಹಾಸದ ಅತಿಥಿ ಉಪನ್ಯಾಸಕರು. ಅತಿಥಿ ಎಂಬ ಮಾತನ್ನು ನಂಬಬೇಡಿ. ಹನ್ನೊಂದು ವರ್ಷಗಳಿಂದ ನಮ್ಮೊಡನೆ ಇದ್ದಾರೆ. ವರ್ಷದ ಪಾಠ ಮುಗಿದರೆ ಅವರ ಕೆಲಸವೂ ಮುಗಿಯಿತು. ಹೊಸ ವರ್ಷಕ್ಕೆ ಹೊಸ ಅರ್ಜಿ, ಹೊಸ ಪಟ್ಟಿ. ಪಟ್ಟಿ ಹೊರಬೀಳುವವರೆಗಿನ ವಾರಗಳಲ್ಲಿ ಅವರು ಯಾರಿಗೂ ಫೋನು ಮಾಡುವುದಿಲ್ಲ. ಇವರಿಗೆ ಕೊಂಡವರಿಗಿಂತ ಬಿಟ್ಟವರ ಚಿಂತೆ ಹೆಚ್ಚು. ಯುಜ್ವೇಂದ್ರ ಚಾಹಲ್ ೨೦೧೪ರಿಂದ ಎಂಟು ಋತು ಈ ತಂಡಕ್ಕೆ ಆಡಿದ. ಇಷ್ಟು ಚಿಕ್ಕ ಬೌಂಡರಿಗಳ ಮೈದಾನದಲ್ಲಿ, ಸ್ಪಿನ್ ಹಾಕುವವನು, ತಂಡದಲ್ಲೇ ಅತಿ ಹೆಚ್ಚು ವಿಕೆಟ್ಟು ಪಡೆದ. ೨೦೨೨ರಲ್ಲಿ ಅವನನ್ನು ಬಿಟ್ಟರು. ರಾಜಸ್ಥಾನ ಆರೂವರೆ ಕೋಟಿಗೆ ಕೊಂಡಿತು. ಆ ವರ್ಷ ೨೭ ವಿಕೆಟ್ಟು ತೆಗೆದು ಎಲ್ಲರಿಗಿಂತ ಮುಂದೆ ನಿಂತ. “ಎಂಟು ವರ್ಷ ಸಾರ್,” ಎನ್ನುತ್ತಾರೆ ನಮ್ಮ ಮಿತ್ರರು, ಬೆರಳು ಮಡಿಚಿ. ಮುಂದಿನ ಮಾತು ಆಡುವುದಿಲ್ಲ.

ಇವರೇ ನನಗೆ ತೋರಿಸಿಕೊಟ್ಟ ಒಂದು ಸಂಗತಿಯುಂಟು. ಕೋಟಿ ಕೊಟ್ಟು ತಂದವರು ಎಷ್ಟೋ ಸಲ ಕೈಕೊಟ್ಟಿದ್ದಾರೆ. ಕೇಳುವವರಿಲ್ಲದೆ ಉಳಿದು ತಡವಾಗಿ ಬಂದವರು ಕೈಹಿಡಿದಿದ್ದಾರೆ. ೨೦೧೧ರ ಹರಾಜಿನಲ್ಲಿ ಗೇಲ್‌ನನ್ನು ಯಾರೂ ಕೊಳ್ಳಲಿಲ್ಲ. ನಾನಸ್ ಎಂಬ ಚೆಂಡೆಸೆಗಾರ ಗಾಯಗೊಂಡಾಗ ಅವನ ಬದಲಿಗೆ ಬಂದವನು ಮೊದಲ ಪಂದ್ಯದಲ್ಲೇ ನೂರು ಬಾರಿಸಿದ, ಆ ಋತುವಿನಲ್ಲಿ ೬೦೮ ಓಟ ಗಳಿಸಿದ. ೨೦೨೨ರಲ್ಲಿ ರಜತ್ ಪಾಟೀದಾರನ ಕಥೆಯೂ ಅದೇ. ನಮ್ಮವನೇ ಆದ ಲವ್ನೀತ್ ಸಿಸೋಡಿಯನಿಗೆ ಪೆಟ್ಟಾಗಿ ಆ ಜಾಗಕ್ಕೆ ಇಂದೋರಿನಿಂದ ಬಂದ. ಲಕ್ನೋ ವಿರುದ್ಧದ ನಿರ್ಣಾಯಕ ಪಂದ್ಯದಲ್ಲಿ ಔಟಾಗದೆ ೧೧೨ ಹೊಡೆದ. “ಪಟ್ಟಿಯಲ್ಲಿ ಹೆಸರಿಲ್ಲದವನು!” ಎಂದು ಅತಿಥಿ ಉಪನ್ಯಾಸಕರು ಅಂದು ಕೊಠಡಿಯಲ್ಲಿ ಎಲ್ಲರಿಗೂ ಕಾಫಿ ಕೊಡಿಸಿದರು. ಅವರ ಲೆಕ್ಕದಲ್ಲಿ ಬರೆಸದೆ, ಕೈಯಿಂದಲೇ.

೨೦೨೪ರ ನವೆಂಬರಿನಲ್ಲಿ ಜೆದ್ದಾದಲ್ಲಿ ದೊಡ್ಡ ಹರಾಜು. ತಂಡಕ್ಕೆ ೧೨೦ ಕೋಟಿಯ ಮಿತಿ. ಕೊಹ್ಲಿ, ಪಾಟೀದಾರ್, ಯಶ್ ದಯಾಳ್ ಮೂವರನ್ನು ಉಳಿಸಿಕೊಳ್ಳಲು ೩೭ ಹೋಗಿ ಕೈಯಲ್ಲಿ ೮೩ ಉಳಿದಿತ್ತು. ಪಂಜಾಬನ್ನು ಬಿಟ್ಟರೆ ಅಷ್ಟು ದೊಡ್ಡ ಗಂಟು ಯಾರಲ್ಲಿಯೂ ಇರಲಿಲ್ಲ. ಆದರೂ ರಾಹುಲನನ್ನು ೧೪ ಕೋಟಿಗೆ ಡೆಲ್ಲಿ ಎತ್ತಿಕೊಂಡಿತು. ಬೆಂಗಳೂರಿನಲ್ಲಿ ಹುಟ್ಟಿ ಮಂಗಳೂರಿನ ಕಡೆ ಬೆಳೆದ ಹುಡುಗ! ಗ್ರಂಥಪಾಲಕರು ಎರಡು ದಿನ ಚರ್ಚೆಗೇ ಬರಲಿಲ್ಲ. ಮೇಡಂ ಮಾತ್ರ ಹೇಜಲ್‌ವುಡ್, ಭುವನೇಶ್ವರ್, ಐದೂ ಮುಕ್ಕಾಲು ಕೋಟಿಯ ಕೃಣಾಲ್ ಪಾಂಡ್ಯ ಎಂದು ಬೆರಳೆಣಿಸಿ, “ಈಗ ಅಡಿಗೆಯವರು ಬಂದರು” ಎಂದರು. ಮರುವರ್ಷ ಏಪ್ರಿಲ್ ೧೦ರಂದು ರಾಹುಲ್ ಚಿನ್ನಸ್ವಾಮಿಗೆ ಬಂದು, ಔಟಾಗದೆ ೯೩ ಹೊಡೆದು, ನಮ್ಮನ್ನು ಸೋಲಿಸಿ, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು ಇದು ನನ್ನ ಜಾಗ ಎಂದು ತೋರಿಸಿದ. ಬೆಳಗ್ಗೆ ಗ್ರಂಥಪಾಲಕರು ನಗುತ್ತ ಬಂದು, “ನಾವು ಗೆದ್ದೆವಲ್ಲ!” ಎಂದರು.

ಕನ್ನಡದ ಹುಡುಗರಿರಲಿ ಎಂಬ ಹಂಬಲ ನನಗೆ ಅರ್ಥವಾಗುತ್ತದೆ. ಆದರೆ ಕನ್ನಡದ ಹುಡುಗರೇ ತುಂಬಿದ, ಯಾರೂ ಯಾರನ್ನೂ ಹರಾಜಿನಲ್ಲಿ ಕೊಳ್ಳದ ತಂಡವೊಂದು ಇದ್ದೇ ಇದೆ. ರಣಜಿ ಟ್ರೋಫಿಯನ್ನು ೧೯೭೩–೭೪ರಲ್ಲಿ ಮೊದಲು ಗೆದ್ದು, ಆಮೇಲೂ ಏಳು ಸಲ ಗೆದ್ದ ತಂಡ. ಅದರ ಪಂದ್ಯಕ್ಕೆ ಹೋದರೆ ಕೂರಲು ಬೇಕಾದಷ್ಟು ಜಾಗ ಸಿಕ್ಕುತ್ತದೆ. ಇಬ್ಬರು ಮುದುಕರು, ಕೋಸಂಬರಿ ಡಬ್ಬಿ ತಂದ ಒಂದು ಸಂಸಾರ, ಕಂಬದ ನೆರಳಲ್ಲಿ ನಿದ್ರಿಸುವ ಪೋಲೀಸಿನವನು. ಈ ವಿಷಯ ಎತ್ತಿದರೆ ಕೊಠಡಿಯ ಮೂರು ಶಾಖೆಗಳೂ ಒಂದಾಗಿ ನನ್ನನ್ನು ಸುಮ್ಮನಾಗಿಸುತ್ತವೆ.

೨೦೨೫ರ ಜೂನ್ ೩ರ ರಾತ್ರಿ ಅಹಮದಾಬಾದಿನಲ್ಲಿ, ಹದಿನೆಂಟನೆಯ ವರ್ಷ, ತಂಡ ಪಂಜಾಬನ್ನು ೬ ಓಟಗಳಿಂದ ಸೋಲಿಸಿತು. ನಾಲ್ಕು ಓವರಿಗೆ ೧೭ ಓಟ ಕೊಟ್ಟು ಎರಡು ವಿಕೆಟ್ಟು ತೆಗೆದ ಕೃಣಾಲ್ ಪಂದ್ಯಪುರುಷ. ಪಟ್ಟಿಯಲ್ಲಿಲ್ಲದ ಪಾಟೀದಾರ್ ನಾಯಕ. ಬೀದಿಯಲ್ಲಿ ಪಟಾಕಿಯ ನಡುವೆ ಕೇಳಿದ್ದು ಒಂದೇ ಶಬ್ದ, ನಮ್ದೇ, ನಮ್ದೇ.

ಮರುದಿನ ಚಿನ್ನಸ್ವಾಮಿಯಲ್ಲಿ ವಿಜಯೋತ್ಸವ. ಅತಿಥಿ ಉಪನ್ಯಾಸಕರು ಎಂಟನೆಯ ತರಗತಿಯ ಮಗನನ್ನು ಕರೆದುಕೊಂಡು ಹೊರಟಿದ್ದವರು ಮೆಟ್ರೋದ ಜನಸಂದಣಿ ಕಂಡು ಮೆಜೆಸ್ಟಿಕ್ಕಿನಿಂದಲೇ ಹಿಂದಿರುಗಿದರು. ಮಗ ದಾರಿಯುದ್ದಕ್ಕೂ ಅತ್ತನಂತೆ. ಮನೆ ಸೇರುವ ಹೊತ್ತಿಗೆ ಸುದ್ದಿ ಬಂದಿತ್ತು. ಕ್ರೀಡಾಂಗಣದ ಬಾಗಿಲುಗಳ ಬಳಿ ಕಾಲ್ತುಳಿತ. ಹನ್ನೊಂದು ಜೀವ ಹೋಗಿತ್ತು, ಹೆಚ್ಚಿನವರು ಎಳೆಯರು.

ಜೂನ್ ೫ರಂದು ನಮ್ಮ ಕೊಠಡಿಯಲ್ಲಿ ಮಾತು ಕಡಿಮೆ ಇತ್ತು. ಆಡಿದ ನಾಲ್ಕು ಮಾತನ್ನು ನಾನು ಕಿವಿಗೊಟ್ಟು ಕೇಳಿದೆ. “ಅವರು ಇಷ್ಟು ಬೇಗ ಮಾಡಬಾರದಿತ್ತು.” “ಅವರು ಯೋಚನೆ ಮಾಡಬೇಕಿತ್ತು.” “ಅವರು ಪರಿಹಾರ ಕೊಡ್ತಾರಂತೆ.” ಮುನ್ನಾದಿನದ ‘ನಾವು’ ಎಲ್ಲಿ ಹೋಯಿತೆಂದು ನಾನು ಕೇಳಲಿಲ್ಲ. ಅದು ಕೇಳುವ ಹೊತ್ತಾಗಿರಲಿಲ್ಲ. ಅತಿಥಿ ಉಪನ್ಯಾಸಕರು ಪತ್ರಿಕೆಯಲ್ಲಿ ಅಚ್ಚಾಗಿದ್ದ ಹನ್ನೊಂದು ಹೆಸರುಗಳನ್ನೂ ವಯಸ್ಸುಗಳನ್ನೂ ಹಾಜರಿ ಪುಸ್ತಕ ಓದುವವರಂತೆ ಮೆಲ್ಲಗೆ ಓದಿಕೊಂಡು ಪತ್ರಿಕೆಯನ್ನು ಮಡಿಚಿಟ್ಟರು.

ಆ ವರ್ಷದ ಡಿಸೆಂಬರಿನಲ್ಲಿ ಅಬುಧಾಬಿಯಲ್ಲಿ ಮತ್ತೆ ಹರಾಜಾಯಿತು. ಹಿಂದಿನ ಹರಾಜಿನಲ್ಲಿ ೨೩ ಕೋಟಿ ೭೫ ಲಕ್ಷಕ್ಕೆ ಕೋಲ್ಕತ್ತಕ್ಕೆ ಹೋಗಿದ್ದ ವೆಂಕಟೇಶ್ ಅಯ್ಯರ್ ಈ ಬಾರಿ ೭ ಕೋಟಿಗೆ ಬೆಂಗಳೂರಿಗೆ ಬಂದ. “ತಗೊಂಡ್ರಂತೆ” ಎಂದು ಅತಿಥಿ ಉಪನ್ಯಾಸಕರು ಫೋನು ನೋಡುತ್ತ ಹೇಳಿದರು. ಹೊಸ ಪಟ್ಟಿಯಲ್ಲಿ ಅವರ ಹೆಸರು ಬಂದಿತ್ತು. ಮೇಡಂ ಎಡಗೈಯವರ ಲೆಕ್ಕ ತೆಗೆದು, ಇವನನ್ನು ಎಲ್ಲಿ ಆಡಿಸುತ್ತಾರೆಂದು ಕೇಳಿದರು. ಗ್ರಂಥಪಾಲಕರು, ಇವನೂ ಇಂದೋರಿನವನೇ ಏನು ಎಂದರು. ಹತ್ತು ನಿಮಿಷ ವಾದ ಬೆಳೆಯಿತು. “ಇಲ್ಲ ಮೇಡಂ, ನಾವು ಅವನನ್ನ ಮೂರನೆಯವನಾಗಿ ಕಳಿಸೋಣ,” ಎಂದು ಅತಿಥಿ ಉಪನ್ಯಾಸಕರು ಮೇಜು ತಟ್ಟುವಷ್ಟರಲ್ಲಿ ಗಂಟೆ ಹೊಡೆಯಿತು.